ಆ ಮಣ್ಣು ಎಲ್ಲಿಗೆ ಹೊರಟಿತ್ತು?

ಹೊಳೆ ಹೊತ್ತು ತರುವ ಮಣ್ಣು, ಮರಳಿನ ಬಗ್ಗೆ ಸಂಶೋಧನೆ ಮಾಡುತ್ತೇನೆ ಅಂತ ಗೊತ್ತಾದ ಕೂಡಲೇ ನಮ್ಮ ಕಡೆಯ ಜನ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಹಂಗಾದ್ರ ಡ್ಯಾಮಿನ ಹೂಳು ತೆಗಿಯಾಕ ಏನರ ದಾರಿ ಐತೇನು?" ಮದುವೆ ಮನೆಯಲ್ಲಿ, ಹೊಸಪೇಟೆ ಬಸ್ಸಿನಲ್ಲಿ, ಬ್ಯಾಂಕಿನ ಪಾಳಿಯಲ್ಲಿ, ಎಲ್ಲಿ ಹೋದರೂ ಇದೇ. ಅವರು ಕೇಳುವುದು ಸರಿಯೇ. ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರಲ್ಲಿ 133 ಟಿಎಂಸಿ ನೀರು ನಿಲ್ಲುತ್ತಿತ್ತು. ಈಗ ನಿಲ್ಲುವುದು ಸುಮಾರು 105. ಎರಡನೇ ಬೆಳೆಗೆ ಕಾಲುವೆಗೆ ನೀರು ಬಿಡುತ್ತಾರೋ ಇಲ್ಲವೋ ಅಂತ ವರ್ಷವೂ ಕಾಯುವವರಿಗೆ ಆ 28 ಟಿಎಂಸಿ ಅಂದರೆ ಕೈಯಿಂದ ಜಾರಿದ ಬೆಳೆ. ಹಾಗಾಗಿ ಎಲ್ಲರಿಗೂ ಹೂಳು ಎಲ್ಲಿಂದ ಬಂತು, ಹೇಗೆ ತೆಗೆಯೋದು, ಇವೆರಡೇ ಬೇಕು. ನಮ್ಮ ಅಜ್ಜಿ ಒಬ್ಬಳೇ ಬೇರೆ ಏನೋ ಕೇಳಿದಳು. ಹನ್ನೆರಡು ವರ್ಷವಾಯಿತು. ಅದಕ್ಕೆ ಉತ್ತರ ಹುಡುಕುತ್ತಲೇ ಇದ್ದೇನೆ.

ಅದು ಮೇ ತಿಂಗಳು. ನಾನು ಆಗಷ್ಟೇ ಸಂಶೋಧನೆಗೆ ಸೇರಿದ್ದೆ, ರಜೆಗೆ ಊರಿಗೆ ಬಂದಿದ್ದೆ. ಹಿನ್ನೀರು ತುಂಬಾ ದೂರ ಸರಿದಿತ್ತು. ಅಜ್ಜಿಯ ತವರೂರು ಮುಳುಗಡೆಯಾದ ಊರು. 1953ರಲ್ಲಿ ಡ್ಯಾಮಿಗೆ ನೀರು ನಿಲ್ಲಿಸಿದಾಗ ಅವಳಿಗಿನ್ನೂ ಮದುವೆಯಾಗಿರಲಿಲ್ಲ. ನೀರು ಇಳಿದಾಗ ಒಮ್ಮೆ ಹೋಗಿ ಬರಬೇಕು ಅಂತ ಅವಳು ವರ್ಷವೂ ಹೇಳುತ್ತಿದ್ದಳು. ಆ ವರ್ಷ ಇಬ್ಬರೂ ಹೋದೆವು. ಊರು ಕಾಣಲಿಲ್ಲ. ಕಂಡದ್ದು ಬರೀ ಬಿರುಕು ಬಿಟ್ಟ ಬೂದು ನೆಲ, ಕಣ್ಣು ಹಾಯುವಷ್ಟು ದೂರ. ಕೆಲವು ಬಿರುಕುಗಳಲ್ಲಿ ನನ್ನ ತೋಳು ಭುಜದವರೆಗೂ ಇಳಿಯುತ್ತಿತ್ತು. ನಾನು ಬೋರಲು ಮಲಗಿ ಒಂದು ಬಿರುಕಿನೊಳಗೆ ಟಾರ್ಚ್ ಬಿಟ್ಟೆ. ಬಿರುಕಿನ ಗೋಡೆಯಲ್ಲಿ ಪದರದ ಮೇಲೆ ಪದರ. ಪ್ರತಿ ಪದರದ ಕೆಳಗೆ ತೆಳ್ಳಗೆ ಉಸುಕು, ಅದರ ಮೇಲೆ ನುಣ್ಣನೆಯ ರೇವೆ, ಮತ್ತೆ ಉಸುಕು, ಮತ್ತೆ ರೇವೆ. ಒಂದೊಂದು ನೆರೆ ಬಂದು ಹೋದ ಗುರುತು. ಅಜ್ಜಿಗೂ ತೋರಿಸಿದೆ. ಅವಳು ಕೂತುಕೊಂಡು ಒಂದು ಹೆಂಟೆ ಮುರಿದಳು, ಒಂದು ಚೂರು ಹಲ್ಲಿಗಿಟ್ಟು ಕಡಿದಳು. "ನಮ್ಮ ಹೊಲದ ಮಣ್ಣಲ್ಲ ಇದು. ಮ್ಯಾಲಿಂದ ಬಂದದ್ದು" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಇದು ಇಲ್ಲಿಗೆ ಬರಬೇಕಂತ ಹೊಂಟಿದ್ದಲ್ಲ ಅಲ್ಲೇನವಾ? ನಾವು ನಡುವ ತಡದೀವಿ. ಮೊದಲಿಗೆ ಎಲ್ಲಿಗೆ ಹೊಂಟಿತ್ತು?"

"ಸಮುದ್ರಕ್ಕೆ" ಅಂದೆ.

"ಸಮುದ್ರದಾಗ ಎಲ್ಲಿಗೆ?"

ನನಗೆ ಹೇಳಲು ಬರಲಿಲ್ಲ.

(ಹಲ್ಲಿನಲ್ಲಿ ಕಡಿದು ನೋಡುವುದನ್ನು ಆಮೇಲೆ ನನ್ನ ಮೇಷ್ಟ್ರೂ ಕಲಿಸಿದರು. ನಮ್ಮ ಕೆಲಸದಲ್ಲಿ ಇದು ಎಲ್ಲರೂ ಮಾಡುವ ಪರೀಕ್ಷೆ. ಹಲ್ಲಿಗೆ ಕರಕರ ಅಂದರೆ ರೇವೆ. ಬೆಣ್ಣೆಯ ಹಾಗೆ ಜಾರಿದರೆ ಜೇಡಿ. ಬೆರಳಿಗೆ ತಿಳಿಯದಷ್ಟು ಸಣ್ಣ ಕಣವೂ ಹಲ್ಲಿಗೆ ತಿಳಿಯುತ್ತದೆ. ಅನ್ನದಲ್ಲಿ ಸಿಕ್ಕ ಕಲ್ಲು ನೆನಪಿಸಿಕೊಳ್ಳಿ.)

ಕೊಡದ ತಳ

ಹೊಳೆ ನೀರು ಕುಡಿದು ಬೆಳೆದವರಿಗೆ ಹೊಸ ನೀರು ಅಂದರೆ ಏನು ಅಂತ ಗೊತ್ತಿರುತ್ತದೆ. ಮಲೆನಾಡಿನಲ್ಲಿ ಮಳೆ ಹಿಡಿದ ಕೆಲವು ದಿನಕ್ಕೆ ನಮ್ಮಲ್ಲಿ ನೀರು ಕೆಂಪಾಗುತ್ತಿತ್ತು. ಆ ಬಗ್ಗಡವನ್ನೇ ಕೊಡದಲ್ಲಿ ತುಂಬಿ ತರಬೇಕು. ಅಜ್ಜಿ ಒಂದು ಪಟಕದ ತುಂಡು ತಗೊಂಡು ನೀರಿನೊಳಗೆ ಎರಡು ಮೂರು ಸುತ್ತು ತಿರುಗಿಸಿ ಮುಚ್ಚಿಡುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಮೇಲೆ ತಿಳಿನೀರು, ತಳದಲ್ಲಿ ಗಸಿ. ನೀರು ಬಗ್ಗಿಸಿಕೊಂಡ ಮೇಲೆ ಕೊಡ ತೊಳೆಯುವುದು ನನ್ನ ಕೆಲಸ. ಬೆರಳಿನಲ್ಲಿ ಗಸಿ ಕೆರೆದರೆ ಮೇಲಿನದು ಕೆನೆಯ ಹಾಗೆ ಮೆತ್ತಗೆ. ಉಗುರು ತಾಮ್ರಕ್ಕೆ ತಾಗುವ ಹೊತ್ತಿಗೆ ಉಸುಕು ಚರಚರ ಅನ್ನುತ್ತಿತ್ತು. ದಪ್ಪ ಕಣ ಮೊದಲು ಇಳಿಯುತ್ತದೆ, ಸಣ್ಣದು ಆಮೇಲೆ. ಡ್ಯಾಮಿನ ಬಿರುಕಿನಲ್ಲಿ ನಾನು ಕಂಡದ್ದೂ ಇದೇ ಸಾಲು.

ಪಟಕ ಮಾಡುವ ಕೆಲಸವನ್ನು ನದಿ ಸಮುದ್ರ ಸೇರುವಲ್ಲಿ ಉಪ್ಪು ಮಾಡುತ್ತದೆ. ಜೇಡಿಯ ಕಣಗಳು ಸಿಹಿನೀರಿನಲ್ಲಿ ಒಂದನ್ನೊಂದು ದೂರ ತಳ್ಳುತ್ತವೆ, ಅದಕ್ಕೇ ತೇಲುತ್ತಲೇ ಇರುತ್ತವೆ. ಉಪ್ಪುನೀರು ಸೋಕಿದಾಗ ಆ ತಳ್ಳಾಟ ಕಡಿಮೆಯಾಗಿ ಒಂದಕ್ಕೊಂದು ಅಂಟಿಕೊಂಡು ಹತ್ತಿಯ ಎಳೆಯಂಥ ಮುದ್ದೆಗಳಾಗುತ್ತವೆ, ತೂಕ ಬಂದು ಇಳಿಯುತ್ತವೆ. ಹೀಗೆ ಅಂಟಿಕೊಳ್ಳದೇ ಹೋಗಿದ್ದರೆ? ಒಂದು ಮಿಲಿಮೀಟರಿನ 500ನೇ ಒಂದು ಭಾಗದಷ್ಟಿರುವ ಜೇಡಿ ಕಣ ನಿಂತ ನೀರಿನಲ್ಲೂ ದಿನಕ್ಕೆ ಒಂದು ಅಡಿಯಷ್ಟು ಮಾತ್ರ ಇಳಿಯುತ್ತದೆ. ನಾಲ್ಕು ಕಿಲೋಮೀಟರ್ ಆಳದ ಸಮುದ್ರದಲ್ಲಿ ತಳ ಮುಟ್ಟಲು ಮೂವತ್ತು ವರ್ಷದ ಮೇಲೆ ಬೇಕು. ಒಂದು ಮಿಲಿಮೀಟರಿನ ಮರಳಿನ ಕಾಳಿಗೆ ಅಷ್ಟು ತಾಳ್ಮೆ ಇಲ್ಲ. ಅದು ನದಿಯ ಬಾಯಲ್ಲೇ ಕೂತುಬಿಡುತ್ತದೆ.

ಇಲ್ಲೇ ಒಂದು ಗಂಟು ಇತ್ತು. ಮರಳು ದಡದಲ್ಲೇ ಕೂರಬೇಕು, ಆಳದಲ್ಲಿ ಬರೀ ನುಣ್ಣನೆಯ ಕೆಸರು ಇರಬೇಕು, ಅಲ್ವಾ? ಆದರೆ ದಡದಿಂದ ನೂರಾರು, ಕೆಲವು ಕಡೆ ಸಾವಿರಾರು ಕಿಲೋಮೀಟರ್ ದೂರ, ಬೆಳಕೇ ಮುಟ್ಟದ ಆಳದಲ್ಲಿ ಮರಳಿನ ಪದರಗಳು ಸಿಗುತ್ತವೆ. ಬಂಗಾಳಕೊಲ್ಲಿಯ ತಳದಲ್ಲಿ ಗಂಗೆ, ಬ್ರಹ್ಮಪುತ್ರೆಯರು ಹಾಸಿದ ಮಣ್ಣಿನ ಹಾಸು ಸುಮಾರು 3,000 ಕಿಲೋಮೀಟರ್ ಉದ್ದವಿದೆ, ಶ್ರೀಲಂಕಾವನ್ನೂ ದಾಟಿ ದಕ್ಷಿಣಕ್ಕೆ ಹೋಗುತ್ತದೆ. ಹಿಮಾಲಯದ ಮರಳನ್ನು ಅಷ್ಟು ದೂರಕ್ಕೆ ಹೊತ್ತವರು ಯಾರು? ನದಿ ತನ್ನ ಓಟದಲ್ಲೇ ಸಮುದ್ರದ ತಳಕ್ಕೆ ಇಳಿಯಿತು ಅನ್ನೋಣ ಅಂದರೆ ಅದೂ ಸುಲಭ ಇಲ್ಲ. ಉಪ್ಪುನೀರು ಭಾರ. ನದಿಯ ಸಿಹಿನೀರು ಎಷ್ಟೇ ಬಗ್ಗಡವಿದ್ದರೂ ಸಾಮಾನ್ಯವಾಗಿ ಅದರ ಮೇಲೆ ತೇಲುತ್ತದೆ. ಕೆಳಗೆ ಮುಳುಗಬೇಕಾದರೆ ಸಾವಿರ ಲೀಟರ್ ನೀರಿನಲ್ಲಿ ಸುಮಾರು 40 ಕೆಜಿ ಮಣ್ಣು ಕಲೆತಿರಬೇಕು. ದೊಡ್ಡ ನದಿಗಳಲ್ಲಿ ಅಷ್ಟು ದಪ್ಪ ನೀರು ಬಲು ಅಪರೂಪ.

ಜಲಾಶಯದಲ್ಲಿ ಈ ಅಡ್ಡಿ ಇಲ್ಲ, ಅಲ್ಲಿ ಎರಡೂ ಸಿಹಿನೀರೇ. 1935ರಲ್ಲಿ ಅಮೆರಿಕದ ಹೂವರ್ ಅಣೆಕಟ್ಟಿನ ಕೆಳಗಿನ ತೂಬುಗಳಿಂದ ಕೆಸರು ನೀರು ಹೊರಗೆ ಬಂತು. ಮೇಲೆ ಜಲಾಶಯ ಮಾತ್ರ ತಿಳಿಯಾಗಿತ್ತು. ಬಗ್ಗಡ ನೀರು ತಿಳಿನೀರಿನ ಅಡಿಯಲ್ಲೇ, ತಳವನ್ನು ಹಿಡಿದುಕೊಂಡು, ಅಷ್ಟು ದೂರ ಹರಿದು ಬಂದಿತ್ತು. ನೀರಿನೊಳಗೆ ಇನ್ನೊಂದು ಹೊಳೆ. ಪುಸ್ತಕದಲ್ಲಿ ಇದಕ್ಕೆ ಟರ್ಬಿಡಿಟಿ ಕರೆಂಟ್ ಅನ್ನುತ್ತಾರೆ. ನಾನು ಮನಸ್ಸಿನಲ್ಲಿ ಬಗ್ಗಡದ ಹೊಳೆ ಅಂತಲೇ ಕರೆಯುವುದು.

ತುಂಡಾದ ತಂತಿಗಳು

ಸಮುದ್ರದಲ್ಲೂ ಇಂಥ ಹೊಳೆ ಹರಿಯುತ್ತದೆ ಅನ್ನುವುದಕ್ಕೆ ದೊಡ್ಡ ಸಾಕ್ಷಿ ಸಿಕ್ಕಿದ್ದು ಟೆಲಿಗ್ರಾಫ್ ತಂತಿಗಳಿಂದ. 1929ರ ನವೆಂಬರ್ 18ರ ಸಂಜೆ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ದಕ್ಷಿಣಕ್ಕೆ ಸಮುದ್ರದಲ್ಲಿ ಭೂಕಂಪವಾಯಿತು, 7.2ರಷ್ಟು ದೊಡ್ಡದು. ಎದ್ದ ಸುನಾಮಿ ಬ್ಯೂರಿನ್ ಅನ್ನುವ ಕಡಲತೀರದ ಹಳ್ಳಿಗಳಿಗೆ ನುಗ್ಗಿತು. ಸತ್ತವರು ಸುಮಾರು 28 ಜನ. ಅಮೆರಿಕ, ಯುರೋಪಿನ ನಡುವೆ ಸಮುದ್ರದ ತಳದಲ್ಲಿ ಹಾಸಿದ್ದ ತಂತಿಗಳಲ್ಲಿ 12 ತುಂಡಾದವು. ಭೂಕಂಪಕ್ಕೆ ತಂತಿ ಹರಿಯಿತು ಅಂತ ಜನ ಅಂದುಕೊಂಡರು. ಆದರೆ ತಂತಿ ಕಚೇರಿಗಳಲ್ಲಿ ಪ್ರತಿ ತಂತಿ ಯಾವ ನಿಮಿಷಕ್ಕೆ ಸತ್ತಿತು ಅಂತ ದಾಖಲಾಗಿತ್ತು. ಹತ್ತಿರದವು ಕೂಡಲೇ ಹರಿದಿದ್ದವು. ಉಳಿದವು ಒಂದಾದ ಮೇಲೆ ಒಂದು, ಇಳಿಜಾರಿನ ಕೆಳಗೆ ಕೆಳಗೆ. ಕೊನೆಯದು ಹರಿದಾಗ ಭೂಕಂಪವಾಗಿ 13 ಗಂಟೆ 17 ನಿಮಿಷ ಕಳೆದಿತ್ತು.

ಆ ನಿಮಿಷಗಳ ಪಟ್ಟಿ ಎರಡು ದಶಕ ಸುಮ್ಮನೆ ಬಿದ್ದಿತ್ತು. 1950ರಲ್ಲಿ ಡಚ್ ವಿಜ್ಞಾನಿ ಫಿಲಿಪ್ ಕ್ಯೂನೆನ್ ಮತ್ತು ಇಟಲಿಯ ಮಿಗ್ಲಿಯೋರಿನಿ ಸೇರಿ ಒಂದು ಲೇಖನ ಬರೆದರು. ಕ್ಯೂನೆನ್ ತೊಟ್ಟಿಯಲ್ಲಿ ಬಗ್ಗಡ ನೀರು ಹರಿಸಿ ನೋಡಿದ್ದ. ಕೆಳಗೆ ದಪ್ಪ, ಮೇಲೆ ಸಣ್ಣ ಕಣ ಇರುವ ಪದರಗಳು ಅದರಿಂದ ತಾವಾಗಿ ಹುಟ್ಟಿದ್ದವು. ಇಟಲಿಯ ಬೆಟ್ಟಗಳ ಬಂಡೆಯಲ್ಲಿ ಕಾಣುವ ಪದರಗಳೂ ಹಾಗೆಯೇ ಇದ್ದವು. ನನಗೆ ಈ ಲೇಖನ ಓದಿದಾಗ ಅಜ್ಜಿಯ ಕೊಡ ಕಣ್ಣ ಮುಂದೆ ಬಂತು. 1952ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಬ್ರೂಸ್ ಹೀಜೆನ್ ಮತ್ತು ಮಾರಿಸ್ ಯೂಯಿಂಗ್ ಆ ಹಳೆಯ ತಂತಿ ಲೆಕ್ಕ ತೆಗೆದು ಕೂತರು. ಒಂದು ತಂತಿಗೂ ಮುಂದಿನ ತಂತಿಗೂ ಎಷ್ಟು ದೂರ, ಎಷ್ಟು ನಿಮಿಷ, ಅಷ್ಟೇ. ಭೂಕಂಪಕ್ಕೆ ಸಡಿಲವಾದ ಕೆಸರು ಜಾರಿ, ನೀರಿನಲ್ಲಿ ಕದಡಿ, ಹೊಳೆಯಾಗಿ ಓಡಿತ್ತು. ಈಗಿನ ಲೆಕ್ಕದಲ್ಲೂ ಅದರ ವೇಗ ಗಂಟೆಗೆ 60 ಕಿಲೋಮೀಟರ್‌ಗಿಂತ ಜಾಸ್ತಿ. ನಮ್ಮ ಊರಿನ ಬಸ್ಸು ಅಷ್ಟು ಜೋರಾಗಿ ಓಡುವುದಿಲ್ಲ.

ಅದು ಅಷ್ಟು ವೇಗ ಪಡೆಯುವ ಬಗೆಯೂ ನೋಡುವಂಥದ್ದು. ಬಗ್ಗಡ ನೀರು ಸುತ್ತಲಿನ ನೀರಿಗಿಂತ ಭಾರ, ಅದಕ್ಕೆ ಇಳಿಜಾರಿನಲ್ಲಿ ಓಡುತ್ತದೆ. ಓಡುವಾಗ ತಳವನ್ನು ಕೆರೆದು ಇನ್ನಷ್ಟು ಕೆಸರು ಎಬ್ಬಿಸುತ್ತದೆ. ಕೆಸರು ಸೇರಿ ಇನ್ನೂ ಭಾರವಾಗುತ್ತದೆ, ಇನ್ನೂ ಜೋರಾಗುತ್ತದೆ. ನದಿಯಲ್ಲಿ ನೀರು ಮಣ್ಣನ್ನು ಎಳೆದುಕೊಂಡು ಹೋಗುತ್ತದೆ. ಸಮುದ್ರದ ತಳದಲ್ಲಿ ಮಣ್ಣೇ ನೀರನ್ನು ಎಳೆದುಕೊಂಡು ಹೋಗುತ್ತದೆ. ಇದನ್ನು ಮೊದಲ ಸಲ ಅರ್ಥ ಮಾಡಿಕೊಂಡ ದಿನ ಲ್ಯಾಬಿನಿಂದ ಹೊರಗೆ ಬಂದು ತುಂಬಾ ಹೊತ್ತು ನಡೆದೆ. ಯಾರಿಗಾದರೂ ಹೇಳಬೇಕು ಅನ್ನಿಸಿ ಮನೆಗೆ ಫೋನ್ ಮಾಡಿದೆ. ಅಪ್ಪ ಎತ್ತಿದ. ಕೇಳಿ, "ಅಜ್ಜಿಗೆ ಕೊಡ್ತೀನಿ ತಡಿ, ಅಕಿಗೇ ಹೇಳು" ಅಂದ.

95 ಟಿಎಂಸಿ ಮಣ್ಣು

ಇಂಥ ಹೊಳೆಯನ್ನು ಅದು ಹರಿಯುವಾಗಲೇ ಅಳೆಯುವುದು ಬಲು ಕಷ್ಟ. ಯಾವಾಗ ಬರುತ್ತದೆ ಗೊತ್ತಿಲ್ಲ. ಬಂದರೆ ಉಪಕರಣವನ್ನೇ ಕಿತ್ತುಕೊಂಡು ಹೋಗುತ್ತದೆ. ಆಫ್ರಿಕಾದ ಕಾಂಗೋ ನದಿಯ ಮುಂದೆ ಸಮುದ್ರದ ತಳದಲ್ಲಿ ಒಂದು ಭಾರೀ ಕಣಿವೆ ಇದೆ. ಅದರ ತಲೆ ನದಿಯ ಅಳಿವೆಯ ಒಳಗೇ, ಸುಮಾರು 30 ಕಿಲೋಮೀಟರ್ ಒಳಕ್ಕೆ ಬಂದಿದೆ. ಹಾಗಾಗಿ ನದಿ ತಂದ ಮರಳು ನೇರ ಕಣಿವೆಯ ಬಾಯಿಗೆ ಬೀಳುತ್ತದೆ. ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ಪೀಟರ್ ಟಾಲಿಂಗ್ ಮತ್ತು ಅವರ ಜೊತೆಗಾರರು 2019ರಲ್ಲಿ ಆ ಕಣಿವೆಯುದ್ದಕ್ಕೂ ಉಪಕರಣಗಳನ್ನು ಕಟ್ಟಿ ಇಳಿಸಿದ್ದರು. 2020ರ ಜನವರಿ ನಡುವಿಗೆ ಅವು ಒಂದೊಂದಾಗಿ ಮೇಲೆದ್ದು ತೇಲತೊಡಗಿದವು. ಕೆಳಗೆ ಬಿಗಿದ ಕಟ್ಟುಗಳು ಹರಿದುಹೋಗಿದ್ದವು. ಆ ದಾರಿಯಲ್ಲಿ ಹೋಗುವ ಹಡಗುಗಳ ಸಹಾಯ ಪಡೆದು ಹಲವನ್ನು ಸಮುದ್ರದಿಂದ ಎತ್ತಿಸಿದರು. ಒಳಗಿನ ದಾಖಲೆ ಉಳಿದಿತ್ತು.

ದಾಖಲೆ ಹೇಳಿದ್ದು ಇಷ್ಟು. ಜನವರಿ 14ರಿಂದ 16ರವರೆಗೆ ಬಗ್ಗಡದ ಹೊಳೆ 1,100 ಕಿಲೋಮೀಟರ್‌ಗೂ ಹೆಚ್ಚು ಓಡಿತ್ತು. ಮೊದಲು ಸೆಕೆಂಡಿಗೆ ಸುಮಾರು 5 ಮೀಟರ್, ಕೊನೆಕೊನೆಗೆ 8. ಆಳಕ್ಕೆ ಹೋದಷ್ಟೂ ಜೋರು. ದಾರಿಯಲ್ಲಿ ಎರಡು ಇಂಟರ್ನೆಟ್ ಕೇಬಲ್ ಹರಿದು ನೈಜೀರಿಯಾದಿಂದ ದಕ್ಷಿಣ ಆಫ್ರಿಕಾವರೆಗೆ ಜನರ ಇಂಟರ್ನೆಟ್ ನಿಧಾನವಾಯಿತು. ಆ ಹೊಳೆ ಕಣಿವೆಯ ತಳದಿಂದ ಕಿತ್ತು ಹೊತ್ತ ಮಣ್ಣು ಸುಮಾರು 2.7 ಘನ ಕಿಲೋಮೀಟರ್.

ಘನ ಕಿಲೋಮೀಟರ್ ಅಂದರೆ ನನಗೂ ಕಣ್ಣಿಗೆ ಕಟ್ಟುವುದಿಲ್ಲ. ಹಾಗಾಗಿ ನಮ್ಮ ಲೆಕ್ಕಕ್ಕೆ ತಂದೆ. ಸುಮಾರು 95 ಟಿಎಂಸಿ. ಇವತ್ತಿನ ತುಂಗಭದ್ರಾ ಜಲಾಶಯ ತುಂಬಲು ಹತ್ತು ಟಿಎಂಸಿ ಮಾತ್ರ ಕಡಿಮೆ. ಡ್ಯಾಮಿನ ತುಂಬಾ ನೀರಿನ ಬದಲು ಮಣ್ಣು ಇದೆ ಅಂದುಕೊಳ್ಳಿ. ಅದು ಎರಡು ದಿನದಲ್ಲಿ ಬೆಂಗಳೂರಿನಿಂದ ಮುಂಬೈಗೆ ಹೋಗುವಷ್ಟು ದೂರ ನಡೆದುಹೋಯಿತು, ಮೇಲೆ ಮೀನು ಹಿಡಿಯುವ ದೋಣಿಯವನಿಗೆ ಗೊತ್ತೇ ಆಗದ ಹಾಗೆ. ನಮ್ಮ ಡ್ಯಾಮಿನಲ್ಲಿ ಅರವತ್ತು ಚಿಲ್ಲರೆ ವರ್ಷದಲ್ಲಿ ಕೂತ ಹೂಳು 28 ಟಿಎಂಸಿ. ಅದೂ ಸಣ್ಣದೇನಲ್ಲ. ಡ್ಯಾಮಿಗೆ ನೀರು ಬರುವ ಪ್ರದೇಶ ಸುಮಾರು 28 ಸಾವಿರ ಚದರ ಕಿಲೋಮೀಟರ್. ಅಷ್ಟರ ಮೇಲೂ ಈ ಹೂಳನ್ನು ವಾಪಸ್ ಹರಡಿದರೆ ಒಂದು ಇಂಚಿಗಿಂತ ತುಸು ದಪ್ಪ ಬರುತ್ತದೆ. ಚಿಕ್ಕಮಗಳೂರು, ಶಿವಮೊಗ್ಗ, ಹೊನ್ನಾಳಿ, ಹರಿಹರ, ಎಲ್ಲ ಕಡೆಯ ಗುಡ್ಡ ಹೊಲಗಳ ಮೈಯಿಂದ ಒಂದು ಇಂಚು. ಒಂದು ಇಂಚು ಮೇಲ್ಮಣ್ಣು ಹುಟ್ಟಲು ಎಷ್ಟು ಕಾಲ ಬೇಕು ಅಂತ ರೈತರಿಗೆ ನಾನು ಹೇಳಬೇಕಾಗಿಲ್ಲ.

ಕಾಂಗೋದ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ವೇಗ ಅಲ್ಲ, ತಾರೀಖು. ನದಿಗೆ 1960ರ ದಶಕದ ನಂತರದ ಅತಿ ದೊಡ್ಡ ನೆರೆ ಬಂದದ್ದು 2019ರ ಡಿಸೆಂಬರಿನಲ್ಲಿ. ನೆರೆ ಬಂದ ದಿನ ಏನೂ ಆಗಲಿಲ್ಲ. ಮರಳು ಅಳಿವೆಯಲ್ಲಿ ಬಂದು ಕೂತಿತು. ವಾರಗಟ್ಟಲೆ ಕಾಯಿತು. ಆಮೇಲೆ ಉಬ್ಬರವಿಳಿತ ಜೋರಿದ್ದ ದಿನಗಳಲ್ಲಿ ಒಮ್ಮೆಲೇ ಎದ್ದು ಹೊರಟಿತು. ಹಾಗೆ ಹೊರಟ ಹೊಳೆ ದಾರಿಯಲ್ಲಿ ಹಳೆಯ ಕಾಲದಿಂದ ಕಾಯುತ್ತಿದ್ದ ಮಣ್ಣನ್ನೂ ಕರೆದುಕೊಂಡು ಹೋಯಿತು. ಬೆಟ್ಟದಿಂದ ಸಮುದ್ರದ ತಳದವರೆಗಿನ ದಾರಿಯಲ್ಲಿ ಒಂದು ಮರಳಿನ ಕಾಳು ನಡೆಯುವುದು ಕೆಲವೇ ದಿನ. ಉಳಿದದ್ದೆಲ್ಲ ಕಾಯುವುದೇ. ಹೊಳೆಯ ತಿರುವಿನಲ್ಲಿ, ದಂಡೆಯಲ್ಲಿ, ಮೆಕ್ಕಲು ಬಯಲಿನಲ್ಲಿ, ಅಳಿವೆಯಲ್ಲಿ. ಅಜ್ಜಿಯ ಪ್ರಶ್ನೆಗೆ ಊರಿನ ಹೆಸರು ಹೇಳಿದರೆ ಸಾಲದು, ನಡುವಿನ ನಿಲ್ದಾಣಗಳನ್ನೂ ಹೇಳಬೇಕು ಅಂತ ನನಗೆ ಆಗ ಹೊಳೆಯಿತು. ನನ್ನ ಕೆಲಸವೂ ಅತ್ತ ತಿರುಗಿತು.

ಕೊನೆಯ ಬಿಸಿಲು

ಒಂದು ಕಾಳು ಎಷ್ಟು ಕಾಲ ಕಾದಿದೆ ಅಂತ ಅದನ್ನೇ ಕೇಳಬಹುದು. ಬೆಣಚುಕಲ್ಲಿನ ಮರಳು ಮಣ್ಣಿನಡಿ ಹೂತುಹೋದಾಗ ಸುತ್ತಲಿನ ಮಣ್ಣಿನ ಅಲ್ಪಸ್ವಲ್ಪ ವಿಕಿರಣ ಅದರೊಳಗೆ ಶಕ್ತಿಯಾಗಿ ಕೂಡುತ್ತಾ ಹೋಗುತ್ತದೆ. ಬಿಸಿಲು ಬಿದ್ದರೆ ಅದಷ್ಟೂ ಖಾಲಿ. ಹಾಗಾಗಿ ಕತ್ತಲೆಯಲ್ಲಿ ಆ ಕಾಳನ್ನು ತಂದು, ಅದರ ಮೇಲೆ ಬೆಳಕು ಬಿಟ್ಟರೆ, ಕೂಡಿಟ್ಟ ಶಕ್ತಿ ಮಿಣುಕು ಬೆಳಕಾಗಿ ಹೊರಬರುತ್ತದೆ. ಅದನ್ನು ಅಳೆದರೆ ಕಾಳು ಕೊನೆಯ ಸಲ ಬಿಸಿಲು ಕಂಡು ಎಷ್ಟು ವರ್ಷವಾಯಿತು ಅಂತ ತಿಳಿಯುತ್ತದೆ. ಲಕ್ಷ ವರ್ಷದ ಹಿಂದಿನದನ್ನೂ ಹೀಗೆ ಅಳೆದಿದ್ದಾರೆ.

ಮಾದರಿ ತೆಗೆಯುವ ಕೆಲಸ ನನಗೆ ತುಂಬಾ ಇಷ್ಟ. ಕೊರೆದ ದಂಡೆಯ ಗೋಡೆಗೆ ಮೊಳಕ್ಕಿಂತ ಗಿಡ್ಡದೊಂದು ಕಬ್ಬಿಣದ ಕೊಳವೆ ಇಟ್ಟು ಸುತ್ತಿಗೆಯಿಂದ ಬಡಿಯುತ್ತೇವೆ. ಒಳಗೆ ಹೋದ ಮೇಲೆ ಸುತ್ತ ಅಗೆದು ಹೊರತೆಗೆಯುವಾಗ ತಲೆ ಮೇಲೆ ಕಪ್ಪು ಬಟ್ಟೆ ಹೊದ್ದುಕೊಂಡಿರುತ್ತೇವೆ. ಎರಡೂ ಬಾಯಿಗೆ ಮುಚ್ಚಳ, ಮೇಲೆ ಕಪ್ಪು ಪ್ಲಾಸ್ಟಿಕ್. ಮೊದಲ ಸಲ ಹೋದಾಗ ದನ ಕಾಯುವ ಇಬ್ಬರು ಹುಡುಗರು ನೋಡುತ್ತಾ ನಿಂತಿದ್ದರು. "ಏನಕ್ಕಾ ಅದು?" ಅಂದ ಒಬ್ಬ. ಮರಳು ನಿದ್ದೆ ಮಾಡ್ತಿದೆ, ಎಚ್ಚರ ಆಗಬಾರದು ಅಂದೆ. ಅವನು ಕೂಡಲೇ ದನಿ ತಗ್ಗಿಸಿದ. ಲ್ಯಾಬಿನಲ್ಲೂ ಮಂದ ಕೆಂಪು ದೀಪದಲ್ಲೇ ಕೆಲಸ. ಕೊಳವೆಯ ಎರಡು ತುದಿಯ ಮಣ್ಣು ಬಿಟ್ಟು ನಡುವಿನದನ್ನು ಮಾತ್ರ ತೆಗೆದುಕೊಳ್ಳುತ್ತೇವೆ. ಕಿರಿಕಿರಿಯೂ ಇದೆ. ಜೋರು ನೆರೆಯ ಕೆಂಪು ನೀರಿನಲ್ಲಿ ಬೆಳಕು ಒಳಗೆ ಇಳಿಯುವುದೇ ಇಲ್ಲ. ಅಂಥ ನೀರಿನಲ್ಲಿ ಬಂದ ಕಾಳಿನ ಹಳೆಯ ಶಕ್ತಿ ಪೂರ್ತಿ ಖಾಲಿಯಾಗದೆ ಉಳಿದು, ಅದು ತನ್ನ ಕಾಯುವಿಕೆಯನ್ನು ನಿಜಕ್ಕಿಂತ ಜಾಸ್ತಿ ಹೇಳುತ್ತದೆ. ಅದಕ್ಕೇ ನೂರಾರು ಕಾಳನ್ನು ಒಂದೊಂದಾಗಿ ಕೇಳಬೇಕು.

ಇಷ್ಟೆಲ್ಲ ಕಲಿತು ಅಜ್ಜಿಗೆ ಒಂದು ದಿನ ಕೂತು ಹೇಳಿದೆ. ಆ ಮಣ್ಣು ತುಂಗೆ, ಭದ್ರೆ ಸೇರುವ ಕೂಡಲಿ ದಾಟಿ, ನಮ್ಮೂರು ದಾಟಿ, ಕೃಷ್ಣೆಗೆ ಸೇರಿ, ಆಂಧ್ರದಲ್ಲಿ ಸಮುದ್ರಕ್ಕೆ ಹೋಗುತ್ತಿತ್ತು. ಅಲ್ಲಿ ಅದರದ್ದೇ ಮೆಕ್ಕಲು ನಾಡು ಕಟ್ಟುತ್ತಿತ್ತು. ಉಸುಕು ದಡದಲ್ಲಿ, ಜೇಡಿ ಸ್ವಲ್ಪ ಮುಂದೆ. ಸುಮಾರು 20 ಸಾವಿರ ವರ್ಷದ ಹಿಂದೆ, ಲೋಕದ ನೀರು ಎಷ್ಟೋ ಮಂಜುಗಡ್ಡೆಯಾಗಿ ನೆಲದ ಮೇಲೆ ಕೂತು ಸಮುದ್ರ 120 ಮೀಟರ್ ಕೆಳಗೆ ಇಳಿದಿದ್ದಾಗ, ಅದೇ ಹೊಳೆ ಇನ್ನೂ ಮುಂದೆ ಹೋಗಿ ಆಳದ ಅಂಚಿನಲ್ಲೇ ಮಣ್ಣು ಸುರಿಯುತ್ತಿತ್ತು. ಈಗ ಹಾಗಿಲ್ಲ. 1960ರ ದಶಕದ ಕೊನೆಗೆ ಕೃಷ್ಣೆ ಸಮುದ್ರದ ಕಡೆಗೆ ವರ್ಷಕ್ಕೆ ಸುಮಾರು 90 ಲಕ್ಷ ಟನ್ ಮಣ್ಣು ಒಯ್ಯುತ್ತಿತ್ತು. 2000ದ ನಂತರ ಅದು 4 ಲಕ್ಷ ಟನ್ನಿಗೆ ಇಳಿದಿದೆ. ನಮ್ಮದೊಂದೇ ಡ್ಯಾಮ್ ಕಾರಣವಲ್ಲ, ಕೆಳಗೆ ಶ್ರೀಶೈಲ, ನಾಗಾರ್ಜುನಸಾಗರ ಇವೆ, ಮೇಲೆ ಎಷ್ಟೋ ಇವೆ. ಮಣ್ಣು ಬರದಿದ್ದರೆ ಸಮುದ್ರ ದಡವನ್ನು ತಿನ್ನುತ್ತದೆ. ತಿನ್ನುತ್ತಿದೆ.

ಅಜ್ಜಿ ಎಲ್ಲ ಕೇಳಿಸಿಕೊಂಡಳು. "ಅಂದ್ರ ಅಲ್ಲಿಯೂ ಯಾರದೋ ಹೊಲ ಹೊಂಟೈತಿ" ಅಂದಳು. ಆಮೇಲೆ ಮಾತಾಡಲಿಲ್ಲ. ಮುಳುಗಡೆಯಾದವಳಿಗೆ ಅದನ್ನು ನಾನು ವಿವರಿಸಬೇಕಾಗಿರಲಿಲ್ಲ.

ಅವಳು ಹೋಗಿ ಮೂರು ವರ್ಷ. ಹೋದ ವರ್ಷ ಮೇನಲ್ಲಿ ನಾನೊಬ್ಬಳೇ ಹಿನ್ನೀರಿಗೆ ಹೋಗಿದ್ದೆ. ಬಿರುಕು ಬಿಟ್ಟ ನೆಲದ ಮೇಲೆ ನಾಲ್ಕೈದು ಟ್ರ್ಯಾಕ್ಟರ್ ನಿಂತಿದ್ದವು. ರೈತರು ಹೂಳು ತುಂಬಿಕೊಂಡು ಹೊಲಕ್ಕೆ ಒಯ್ಯುತ್ತಿದ್ದರು. 28 ಟಿಎಂಸಿಯ ಮುಂದೆ ಒಂದು ಟ್ರೇಲರ್ ಎಷ್ಟು ಅಂತ ಅವರಿಗೂ ಗೊತ್ತು. ಆದರೆ ಆ ಮಣ್ಣಿಗೆ ಸಜ್ಜೆ ಚೆನ್ನಾಗಿ ಬರುತ್ತದೆ. ಒಬ್ಬರು ತಮ್ಮ ಹೊಲ ತೋರಿಸಲು ಕರೆದುಕೊಂಡು ಹೋದರು. ಕೆಂಪು ಮಸಾರಿ ನೆಲದ ಮೇಲೆ ಬೂದು ಹೂಳಿನ ಗುಡ್ಡೆಗಳು, ಇನ್ನೂ ಹರಡಿರಲಿಲ್ಲ. ನಾನು ಒಂದು ಹೆಂಟೆ ಮುರಿದು ಹಲ್ಲಿಗಿಟ್ಟೆ. ಮೊದಲು ಕರಕರ, ಆಮೇಲೆ ನುಣುಪು. ಅವರು ನನ್ನನ್ನೇ ನೋಡುತ್ತಿದ್ದರು. "ಮ್ಯಾಲಿಂದ ಬಂದದ್ದು" ಅಂದೆ. "ಹೌದ್ರಿ ಮತ್ತ" ಅಂದರು.

ಅಷ್ಟರಲ್ಲಿ ಪಶ್ಚಿಮಕ್ಕೆ ಮೋಡ ಕಟ್ಟಿ ಮುಂಗಾರಿಗೆ ಮೊದಲಿನ ಮಳೆ ಸುರಿಯಿತು, ಹತ್ತು ನಿಮಿಷ, ದಪ್ಪ ಹನಿ. ಇಬ್ಬರೂ ಟ್ರ್ಯಾಕ್ಟರ್ ಕೆಳಗೆ ಕೂತೆವು. ಗುಡ್ಡೆಗಳ ಮೈಮೇಲೆ ಸಣ್ಣ ಸಣ್ಣ ಗೆರೆಗಳು ಮೂಡಿದವು. ಗೆರೆಗಳು ಕೂಡಿ ಸಾಲಾದವು. ಬದುವಿನ ಮೂಲೆಯಲ್ಲಿ ಒಂದು ಕಡೆ ಒಡೆದಿತ್ತು, ಅಲ್ಲಿಂದ ಬಗ್ಗಡ ನೀರು ಹಳ್ಳಕ್ಕೆ ಇಳಿಯಿತು. ಅವರು ಎದ್ದು ಓಡಿ, ಸಲಿಕೆ ತಗೊಂಡು ಆ ಬಾಯಿ ಮುಚ್ಚಿದರು. ಅಷ್ಟರಲ್ಲಿ ದಾಟಿದ್ದ ನೀರು ಹಳ್ಳ ಹಿಡಿದು ಹೊಳೆಯ ಕಡೆಗೆ ಹೋಗುತ್ತಿತ್ತು.